ಸಣ್ಣ ಅಲೆಗೆ ಉದ್ದದ ಹಲಗೆ: ಕಾಫಿ ತೋಟದ ಮರದಲ್ಲಿ ಲಾಂಗ್‌ಬೋರ್ಡ್ ವಿನ್ಯಾಸ

ಚಿಕ್ಕಮಗಳೂರಿನಿಂದ ನಸುಕಿನಲ್ಲೇ ಹೊರಟು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿದರೆ, ಬಿಸಿಲು ಚುರುಕಾಗುವ ಹೊತ್ತಿಗೆ ಮೂಲ್ಕಿ ಅಥವಾ ಸಸಿಹಿತ್ಲುವಿನ ತೀರ ತಲುಪಬಹುದು. ತೋಟದ ಕೆಲಸದ ನಡುವೆ ಬಿಡುವು ಮಾಡಿಕೊಂಡು, ಹಲಗೆಯ ಮೇಲೆ ನಿಂತು ಅಲೆಯೇರುವ ಸರ್ಫಿಂಗ್‌ಗೆಂದು ಹೀಗೆ ಇಳಿದು ಹೋಗುವ ನಮ್ಮಂಥವರಿಗೆ ಸಿಗುವುದು ಹೆಚ್ಚಾಗಿ ಮೊಣಕಾಲಿನಿಂದ ಸೊಂಟದವರೆಗಿನ ಎತ್ತರದ, ಇಳಿಜಾರು ಕಡಿಮೆಯಿರುವ, ಬಲವಿಲ್ಲದ ಅಲೆಗಳು. ಮುಂಗಾರಿನ ನಾಲ್ಕು ತಿಂಗಳು ಕಡಲು ಉಕ್ಕುತ್ತದೆಯಾದರೂ ಆಗಿನ ಅಲೆಗಳು ಗಾಳಿಗೆ ಒಡೆದು ಚೆಲ್ಲಾಪಿಲ್ಲಿಯಾಗಿರುತ್ತವೆ. ಅವುಗಳೊಳಗೆ ಇಳಿಯುವುದು ಕಡಲನ್ನು ಚೆನ್ನಾಗಿ ಬಲ್ಲವರಿಗೆ ಮಾತ್ರ ಸಾಧ್ಯ. ಅಕ್ಟೋಬರ್‌ನಿಂದ ಮೇ ತಿಂಗಳವರೆಗಿನ ತಿಳಿಯಾದ ಸಣ್ಣ ಅಲೆಯ ಮೇಲೆ ಸಂತೋಷದಿಂದ ಸಾಗಬೇಕಾದರೆ ಒಂಬತ್ತು ಅಡಿ ಮೀರಿದ ಹಲಗೆ, ಅಂದರೆ ಲಾಂಗ್‌ಬೋರ್ಡ್, ಬೇಕು. ಅಂಥದ್ದೊಂದನ್ನು ಮಲೆನಾಡಿನ ಕೊಟ್ಟಿಗೆಯೊಂದರಲ್ಲಿ, ಇಲ್ಲಿನ ಮರದಲ್ಲಿ, ಒಳಗೆ ಟೊಳ್ಳಾಗಿರುವಂತೆ ವಿನ್ಯಾಸ ಮಾಡಿ ಕಟ್ಟುವುದು ಹೇಗೆಂದು ಇಲ್ಲಿ ವಿವರಿಸುತ್ತೇನೆ. ಓದುವವರಿಗೆ ಸಾಮಾನ್ಯ ಬಡಗಿ ಕೆಲಸ ತಿಳಿದಿದೆ, ಈಜು ಬರುತ್ತದೆ, ತೀರದ ಸರ್ಫ್ ಶಾಲೆಯೊಂದರಲ್ಲಿ ಮೊದಲ ಪಾಠಗಳಾಗಿವೆ ಎಂದು ಭಾವಿಸಿದ್ದೇನೆ.

ಹಲಗೆಯ ಭಾಗಗಳಿಗೆ ತೀರದಲ್ಲಿ ಬಳಕೆಯಲ್ಲಿರುವ ಹೆಸರುಗಳನ್ನೇ ಉಳಿಸಿಕೊಂಡಿದ್ದೇನೆ. ಮುಂದಿನ ತುದಿ ನೋಸ್, ಹಿಂದಿನ ತುದಿ ಟೇಲ್, ಎರಡೂ ಪಕ್ಕದ ಅಂಚು ರೈಲ್, ತಳವು ತುದಿಗಳ ಕಡೆಗೆ ಮೇಲೇಳುವ ಬಾಗು ರಾಕರ್, ಟೇಲ್‌ನ ಅಡಿಯಲ್ಲಿ ನೀರನ್ನು ಸೀಳುವ ರೆಕ್ಕೆ ಫಿನ್.

ಉದ್ದ ಏಕೆ ಬೇಕು ಎಂಬ ಲೆಕ್ಕ

ಅಳತೆಪಟ್ಟಿ ಹಿಡಿಯುವ ಮೊದಲು ಅಲೆಯ ವೇಗವನ್ನು ಅರ್ಥ ಮಾಡಿಕೊಳ್ಳಬೇಕು. ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿ ಅಲೆಯ ವೇಗ ಮುಖ್ಯವಾಗಿ ನೀರಿನ ಆಳದಿಂದಲೇ ತೀರ್ಮಾನವಾಗುತ್ತದೆ. ಆಳವನ್ನು ಮೀಟರಿನಲ್ಲಿ ತೆಗೆದುಕೊಂಡು 9.8ರಿಂದ ಗುಣಿಸಿ ವರ್ಗಮೂಲ ಕಂಡುಹಿಡಿದರೆ ಸೆಕೆಂಡಿಗೆ ಎಷ್ಟು ಮೀಟರ್ ಎಂಬ ಉತ್ತರ ಸರಿಸುಮಾರಾಗಿ ಸಿಗುತ್ತದೆ. ಒಂದೂವರೆ ಮೀಟರ್ ಆಳದಲ್ಲಿ ಅದು ಗಂಟೆಗೆ ಸುಮಾರು 14 ಕಿ.ಮೀ. ಆಗುತ್ತದೆ. ಅಲೆ ಒಡೆಯುವುದು ಅದರ ಎತ್ತರವು ಆಳದ ಮುಕ್ಕಾಲು ಭಾಗದಷ್ಟಾದಾಗ. ಎರಡು ಅಡಿಯ ಅಲೆ ಹೀಗೆ ಮುಕ್ಕಾಲು ಮೀಟರ್ ಚಿಲ್ಲರೆ ಆಳದಲ್ಲಿ ಒಡೆಯುತ್ತದೆ ಮತ್ತು ಅಲ್ಲಿ ಅದರ ವೇಗ ಗಂಟೆಗೆ 10 ಕಿ.ಮೀ. ಹತ್ತಿರಕ್ಕೆ ಇಳಿದಿರುತ್ತದೆ.

ಇನ್ನು ಹಲಗೆಯ ಕಡೆ ನೋಡೋಣ. ಮಲಗಿ ಕೈಯಿಂದ ನೀರು ಎಳೆಯುವಾಗ ಹಲಗೆ ದೋಣಿಯಂತೆಯೇ ನೀರನ್ನು ತಳ್ಳಿಕೊಂಡು ಹೋಗುತ್ತದೆ, ಮತ್ತು ದೋಣಿಗೆ ಇರುವ ಮಿತಿಯೇ ಅದಕ್ಕೂ ಇದೆ. ನೀರಿಗೆ ತಾಗಿರುವ ಉದ್ದವನ್ನು ಅಡಿಗಳಲ್ಲಿ ಹಿಡಿದು, ಅದರ ವರ್ಗಮೂಲವನ್ನು 2.48ರಿಂದ ಗುಣಿಸಿದರೆ ಗಂಟೆಗೆ ಎಷ್ಟು ಕಿ.ಮೀ. ದಾಟಿದ ಮೇಲೆ ನೀರು ಬಹಳವಾಗಿ ಎದುರಿಸತೊಡಗುತ್ತದೆ ಎಂಬುದು ತಿಳಿಯುತ್ತದೆ. ಆರು ಅಡಿಗೆ ಈ ಮಿತಿ 6 ಕಿ.ಮೀ., ಒಂಬತ್ತು ಅಡಿಗೆ 7.4 ಕಿ.ಮೀ. ಹತ್ತು ಕಿ.ಮೀ. ವೇಗದ ಅಲೆಯನ್ನು ಹಿಡಿಯಲು ಮೊದಲನೆಯದಕ್ಕೆ ನಾಲ್ಕು ಕಿ.ಮೀ. ಕೊರತೆಯಿದೆ, ಎರಡನೆಯದಕ್ಕೆ ಎರಡೂವರೆ. ಈ ಕೊರತೆಯನ್ನು ತುಂಬುವುದು ಅಲೆಯ ಇಳಿಜಾರು. ಕೊರತೆ ಕಡಿಮೆಯಿದ್ದರೆ ಅಲೆ ಇನ್ನೂ ಮೃದುವಾಗಿ, ಒಡೆಯದೆ ಇರುವಾಗಲೇ ಅದರೊಡನೆ ಸೇರಿಕೊಳ್ಳಬಹುದು. ಹೆಚ್ಚಿದ್ದರೆ ಅದು ಕಡಿದಾಗುವವರೆಗೆ ಕಾಯಬೇಕು, ಮತ್ತು ನಮ್ಮ ಚಳಿಗಾಲದ ಅಲೆ ಕಡಿದಾಗುವ ಹೊತ್ತಿಗೆ ಮುಗಿದೇ ಹೋಗಿರುತ್ತದೆ.

ಈ ಲೆಕ್ಕದಲ್ಲಿ ಬರುವ ಉದ್ದ ನೀರಿಗೆ ತಾಗಿರುವ ಉದ್ದ ಎಂಬುದನ್ನು ಓದುಗರು ಮರೆಯಬಾರದು. ಹತ್ತು ಅಡಿಯ ಹಲಗೆಗೆ ನೋಸ್‌ನಲ್ಲಿ ವಿಪರೀತ ಬಾಗು ಕೊಟ್ಟು ಎರಡು ಅಡಿ ಉದ್ದದ ಭಾಗ ನೀರಿನಿಂದ ಮೇಲೆದ್ದು ನಿಂತರೆ, ಅದು ಸಣ್ಣ ಅಲೆಯ ಪಾಲಿಗೆ ಎಂಟು ಅಡಿಯ ಹಲಗೆ. ನಾನು ಕಟ್ಟಿದ ಮೊದಲ ಹಲಗೆಯಲ್ಲಿ ಆದದ್ದು ಇದೇ. ಚಿತ್ರದಲ್ಲಿ ಕಂಡ, ದೊಡ್ಡ ಅಲೆಗೆಂದು ಮಾಡಿದ ಹಲಗೆಯೊಂದರ ಬಾಗನ್ನು ಹಾಗೆಯೇ ನಕಲು ಮಾಡಿದ್ದೆ. ನೋಸ್ ಆರು ಇಂಚು ಮೇಲೆದ್ದಿತ್ತು. ನೋಡಲು ಬಹಳ ಚೆಂದವಾಗಿತ್ತು. ಕಡಲಿಗೆ ಒಯ್ದಾಗ ಅಲೆಗಳು ಒಂದೊಂದಾಗಿ ಅದರಡಿಯಿಂದ ಜಾರಿ ಹೋದವು, ಮೂರು ತಿಂಗಳ ಕೆಲಸ ನೀರಿನ ಮೇಲೆ ತೊಟ್ಟಿಲಿನಂತೆ ತೂಗಿತು. ಅಂದಿನಿಂದ ನನ್ನ ಕ್ರಮ ಬದಲಾಯಿತು: ಮೊದಲು ರಾಕರ್, ಉಳಿದದ್ದೆಲ್ಲ ಆಮೇಲೆ.

ರಾಕರ್ ಎಳೆಯುವುದು

ಸುಮಾರು 70 ಕೆ.ಜಿ. ತೂಕದ ವ್ಯಕ್ತಿಗೆ ನಾನು ಕೊಡುವ ಉದ್ದ 9 ಅಡಿ 4 ಇಂಚು. ಅರವತ್ತಕ್ಕಿಂತ ಕಡಿಮೆಯಿದ್ದರೆ 9 ಅಡಿ ಸಾಕು. ಎಂಬತ್ತು ಮೀರಿದರೆ 9 ಅಡಿ 8 ಇಂಚಿನವರೆಗೆ ಹೋಗಬಹುದು. ಮುಂದಿನ ಅಳತೆಗಳೆಲ್ಲ 9 ಅಡಿ 4 ಇಂಚಿನ ಹಲಗೆಗೆ ಸಂಬಂಧಿಸಿದವು.

ಉದ್ದನೆಯ ಪ್ಲೈವುಡ್ ಪಟ್ಟಿಯೊಂದರ ಮೇಲೆ ನೇರವಾದ ತಳರೇಖೆ ಎಳೆದು, ನೋಸ್‌ನಿಂದ ಒಂದೊಂದು ಅಡಿಗೆ ಗುರುತು ಹಾಕಿ. ನೋಸ್‌ನ ತುದಿ ತಳರೇಖೆಯಿಂದ 4 ಇಂಚು ಮೇಲಿರಲಿ. ಅಲ್ಲಿಂದ ಒಂದು ಅಡಿ ಹಿಂದೆ 2.1 ಇಂಚು, ಎರಡು ಅಡಿ ಹಿಂದೆ 1 ಇಂಚು, ಮೂರು ಅಡಿ ಹಿಂದೆ 0.35 ಇಂಚು, ನಾಲ್ಕು ಅಡಿಯ ಬಳಿ 0.1 ಇಂಚು ಎಂದು ಗುರುತಿಸಿ. ನಡುವಿನ ಭಾಗ ತಳರೇಖೆಯ ಮೇಲೆಯೇ ಮಲಗಿರಬೇಕು. ಟೇಲ್‌ನ ಕಡೆಯಿಂದ ಎಣಿಸಿದರೆ, ತುದಿಯಲ್ಲಿ 2.75 ಇಂಚು, ಒಂದು ಅಡಿ ಒಳಗೆ 1.3, ಎರಡು ಅಡಿಗೆ 0.55, ಮೂರು ಅಡಿಗೆ 0.2 ಇಂಚು. ಟೇಲ್‌ನ ಬಾಗು ಬಹುಪಾಲು ಕೊನೆಯ ಒಂದೂವರೆ ಅಡಿಯಲ್ಲೇ ಇರುವುದನ್ನು ಗಮನಿಸಿ. ನಡುವಿನ ನಾಲ್ಕೂವರೆ ಐದು ಅಡಿ ಬಹುತೇಕ ಚಪ್ಪಟೆಯಾಗಿರುವುದರಿಂದಲೇ ಹಲಗೆ ಬಲವಿಲ್ಲದ ಅಲೆಯ ಮೇಲೂ ನಿಲ್ಲದೆ ಓಡುತ್ತದೆ. ಕೊನೆಯ ಆ ಸಣ್ಣ ಏರು ತಿರುಗಿಸಲು ಮತ್ತು ನೋಸ್‌ನ ಮೇಲೆ ನಡೆದು ನಿಲ್ಲಲು ಬೇಕು.

ಗುರುತುಗಳನ್ನು ಸೇರಿಸಲು ಬಾಗುವ ಪಟ್ಟಿಯೊಂದು ಬೇಕಾಗುತ್ತದೆ. ಬಿದಿರಿನ ಸೀಳು ಕೈಗೆ ಸುಲಭವಾಗಿ ಸಿಗುತ್ತದೆಯಾದರೂ ಗಿಣ್ಣು ಇರುವಲ್ಲಿ ಅದು ಬಾಗುವುದಿಲ್ಲ, ರೇಖೆ ಅಲ್ಲಲ್ಲಿ ಮುರಿದಂತಾಗುತ್ತದೆ. ಗಂಟಿಲ್ಲದ, ನೇರ ಎಳೆಯ ಸಿಲ್ವರ್ ಓಕ್‌ನಿಂದ ಅರ್ಧ ಇಂಚು ಅಗಲ, ಕಾಲು ಇಂಚು ದಪ್ಪದ ಹತ್ತು ಅಡಿ ಪಟ್ಟಿ ಸೀಳಿಸಿಕೊಳ್ಳಿ. ಮೊಳೆಗಳ ನಡುವೆ ಪಟ್ಟಿಯನ್ನು ಬಾಗಿಸಿ ಇಟ್ಟು, ನೆಲಕ್ಕೆ ಕೆನ್ನೆ ತಾಗುವಷ್ಟು ತಗ್ಗಿ ಉದ್ದಕ್ಕೂ ಕಣ್ಣು ಹಾಯಿಸಿ. ಎಲ್ಲಾದರೂ ಉಬ್ಬು ಅಥವಾ ತಗ್ಗು ಕಂಡರೆ ಆ ಜಾಗದ ಮೊಳೆ ಕಿತ್ತು ಪಟ್ಟಿಯನ್ನು ತಾನಾಗಿ ನಿಲ್ಲಲು ಬಿಡಿ. ಸಂಖ್ಯೆಗೂ ಪಟ್ಟಿಗೂ ಹೊಂದಾಣಿಕೆಯಾಗದಿದ್ದರೆ ಪಟ್ಟಿಯ ಮಾತನ್ನೇ ನಂಬಬೇಕು.

ಮೇಲಿನಿಂದ ಕಾಣುವ ಆಕಾರ

ನಿಂತ ಮೇಲೆ ಹಲಗೆಯ ಕೆಲಸ ಬದಲಾಗುತ್ತದೆ. ಆಗ ಅದು ನೀರನ್ನು ತಳ್ಳುವುದನ್ನು ಬಿಟ್ಟು ನೀರಿನ ಮೇಲೆ ಜಾರಬೇಕು, ಜಾರಲು ತಳದ ಮೇಲೆ ನೀರು ಒತ್ತಬೇಕು. ಈ ಎತ್ತುವ ಬಲ ತಳದ ವಿಸ್ತೀರ್ಣಕ್ಕೂ ವೇಗದ ವರ್ಗಕ್ಕೂ ತಕ್ಕಂತೆ ಹೆಚ್ಚುತ್ತದೆ. ದೊಡ್ಡ ಅಲೆಯಲ್ಲಿ ವೇಗ ತಾನಾಗಿ ಸಿಗುವುದರಿಂದ ಕಿರಿದಾದ ಹಲಗೆ ನಡೆಯುತ್ತದೆ. ಸಣ್ಣ ಅಲೆಯಲ್ಲಿ ವೇಗ ಅರ್ಧಕ್ಕಿಳಿದರೆ ಎತ್ತುವ ಬಲ ಕಾಲು ಭಾಗಕ್ಕೆ ಬೀಳುವುದರಿಂದ ವಿಸ್ತೀರ್ಣ ಹೆಚ್ಚಿಸದೆ ಬೇರೆ ದಾರಿಯಿಲ್ಲ. ಕ್ಯಾಲಿಫೋರ್ನಿಯಾದ ಬಾಬ್ ಸಿಮನ್ಸ್ 1940ರ ದಶಕದಲ್ಲಿ ವೇಗದ ದೋಣಿಗಳ ತಳದ ವಿದ್ಯೆಯನ್ನು ಸರ್ಫ್‌ಬೋರ್ಡಿಗೆ ತಂದು, ಟೇಲನ್ನು ಅಗಲವಾಗಿ ಬಿಟ್ಟದ್ದು ಈ ತಿಳಿವಳಿಕೆಯಿಂದಲೇ.

ಅತಿ ಅಗಲವಾದ ಜಾಗ 23 ಇಂಚು ಇರಲಿ, ಅದು ಹಲಗೆಯ ಮಧ್ಯಕ್ಕಿಂತ ಎರಡು ಇಂಚು ಮುಂದಿರಲಿ. ನೋಸ್‌ನ ತುದಿಯಿಂದ 12 ಇಂಚು ಒಳಗೆ ಅಗಲ ಹದಿನೆಂಟು ಕಾಲು ಇಂಚು, ಟೇಲ್‌ನಿಂದ 12 ಇಂಚು ಒಳಗೆ 15 ಇಂಚು. ಟೇಲ್‌ನ ತುದಿಯನ್ನು ಚೂಪಾಗಿಸದೆ ಐದಾರು ಇಂಚು ಅಗಲದಲ್ಲಿ ನೇರವಾಗಿ ಕತ್ತರಿಸಿ. ಚೂಪು ಟೇಲ್ ಕಡಿದಾದ ಅಲೆಯಲ್ಲಿ ಹಿಡಿತ ಕೊಡುತ್ತದೆ ಎಂಬುದು ನಿಜ. ನಮ್ಮ ಅಲೆಗೆ ಅದು ಮುಳುಗುವ ಟೇಲ್ ಅಷ್ಟೇ. ಅರ್ಧ ಆಕಾರವನ್ನು ಮಾತ್ರ ಕಾಗದದಲ್ಲಿ ಕತ್ತರಿಸಿ, ನಡುಗೆರೆಯ ಎರಡೂ ಕಡೆಗೆ ಮಗುಚಿ ಎಳೆದರೆ ಎರಡು ಪಕ್ಕಗಳೂ ಒಂದೇ ಆಗುತ್ತವೆ.

ದಪ್ಪ ನಡುವಿನಲ್ಲಿ 3 ಇಂಚು. ಉದ್ದ, ಅಗಲ, ದಪ್ಪಗಳನ್ನು ಇಂಚಿನಲ್ಲಿ ಗುಣಿಸಿ, ಬಂದದ್ದನ್ನು 0.0164ರಿಂದ ಗುಣಿಸಿದರೆ ಲೀಟರ್ ಆಗುತ್ತದೆ. ಹಲಗೆ ಪೆಟ್ಟಿಗೆಯಂತಿರದೆ ತುದಿಗಳಲ್ಲಿ ತೆಳುವಾಗುವುದರಿಂದ ಅದರ ಶೇ. 58ರಷ್ಟು ಹಿಡಿದರೆ ನಿಜಕ್ಕೆ ಹತ್ತಿರ. ನಮ್ಮ ಹಲಗೆಗೆ 73 ಲೀಟರ್ ಬರುತ್ತದೆ. ಒಂದು ಲೀಟರ್ ಕಡಲ ನೀರಿನ ತೂಕ 1.025 ಕೆ.ಜಿ. ಆದ್ದರಿಂದ ಪೂರ್ತಿ ಮುಳುಗಿದರೆ ಇದು 75 ಕೆ.ಜಿ. ಹೊರುತ್ತದೆ, ಅದರಲ್ಲಿ ಹತ್ತು ಕೆ.ಜಿ. ಹಲಗೆಯ ಸ್ವಂತ ತೂಕಕ್ಕೆ ಹೋಗುತ್ತದೆ. ಮಲಗಿದಾಗ ಮೈಯ ಕೆಲ ಭಾಗವೂ ನೀರಿನಲ್ಲೇ ಇರುವುದರಿಂದ ಇಷ್ಟು ಧಾರಾಳವಾಗಿ ಸಾಕು. ದಪ್ಪವನ್ನು ಇನ್ನೂ ಹೆಚ್ಚಿಸುವ ಆಸೆ ಬರುತ್ತದೆ. ಅದಕ್ಕೆ ಒಳಗಾಗಬೇಡಿ, ಮೂರೂವರೆ ಇಂಚಿನ ಹಲಗೆ ಪಕ್ಕಕ್ಕೆ ವಾಲಲು ಒಪ್ಪದೆ ಬಿರಡೆಯಂತೆ ತೇಲುತ್ತದೆ.

ರೈಲ್, ತಳ ಮತ್ತು ಫಿನ್

ನಲ್ಲಿಯಿಂದ ಸುರಿಯುವ ನೀರಿಗೆ ಚಮಚದ ಬೆನ್ನನ್ನು ಮೆಲ್ಲನೆ ತಾಗಿಸಿದರೆ ಚಮಚ ದೂರ ಹೋಗುವ ಬದಲು ನೀರಿನ ಕಡೆಗೇ ಎಳೆದುಕೊಳ್ಳುತ್ತದೆ. ದುಂಡಾದ ಮೇಲ್ಮೈಯನ್ನು ನೀರು ಬಿಡದೆ ಅಂಟಿ ಸುತ್ತುವರಿಯುತ್ತದೆ, ಹಾಗೆ ಸುತ್ತುವಾಗ ಅದನ್ನು ತನ್ನೆಡೆಗೆ ಎಳೆಯುತ್ತದೆ. ಚೂಪಾದ ಅಂಚಿದ್ದರೆ ನೀರು ಅಲ್ಲಿಯೇ ಕಳಚಿಕೊಳ್ಳುತ್ತದೆ. ರೈಲಿನ ವಿದ್ಯೆಯ ಬಹುಪಾಲು ಇಷ್ಟರಲ್ಲೇ ಇದೆ. ನೋಸ್‌ನಿಂದ ಹಲಗೆಯ ಮುಕ್ಕಾಲು ಉದ್ದದವರೆಗೆ ರೈಲ್ ದುಂಡಗಿರಲಿ, ಅದರ ತುದಿ ಬಿಂದು ದಪ್ಪದ ನಡುಮಧ್ಯಕ್ಕೆ ಬರಲಿ; ಇದರಿಂದ ಹಲಗೆ ಅಲೆಯ ಮುಖಕ್ಕೆ ಅಂಟಿಕೊಂಡು ನಿಲ್ಲುತ್ತದೆ. ಹಿಂದಕ್ಕೆ ಹೋದಂತೆ ಆ ಬಿಂದುವನ್ನು ನಿಧಾನವಾಗಿ ಕೆಳಗಿಳಿಸಿ, ಕೊನೆಯ 15 ಇಂಚಿನಲ್ಲಿ ತಳದ ಅಂಚನ್ನು ಸ್ಪಷ್ಟವಾಗಿ ಚೂಪಾಗಿಸಿ. ಆಗ ಟೇಲ್ ಬಳಿ ನೀರು ತಡವಿಲ್ಲದೆ ಬಿಟ್ಟು ಹೋಗುತ್ತದೆ, ವೇಗ ಉಳಿಯುತ್ತದೆ.

ಹತ್ತು ಬೆರಳನ್ನೂ ನೋಸ್‌ನ ತುದಿಯಾಚೆ ಚಾಚಿ ನಿಲ್ಲುವುದು ಲಾಂಗ್‌ಬೋರ್ಡ್ ಸವಾರರ ದೊಡ್ಡ ಆಸೆ. ಅಷ್ಟು ಭಾರ ಮುಂದೆ ಬಿದ್ದರೂ ಹಲಗೆ ಮಗುಚದಿರಲು ಕಾರಣ, ಬಾಗಿದ ಟೇಲ್ ಮತ್ತು ದುಂಡು ರೈಲನ್ನು ಸುತ್ತಿಕೊಂಡ ಅಲೆಯ ನೀರು ಹಿಂಭಾಗವನ್ನು ಕೆಳಕ್ಕೆ ಹಿಡಿದಿಟ್ಟಿರುವುದು. ನೋಸ್‌ನ ಅಡಿಯಲ್ಲಿ ಎರಡೂವರೆ ಅಡಿ ಉದ್ದಕ್ಕೆ ಎಂಟನೇ ಒಂದು ಇಂಚು ಆಳದ ತಟ್ಟೆಯಂಥ ತಗ್ಗು ಕೊಟ್ಟರೆ ಮುಂಭಾಗಕ್ಕೂ ಸ್ವಲ್ಪ ಎತ್ತುವ ಬಲ ಸಿಗುತ್ತದೆ. ಇದಕ್ಕಿಂತ ಆಳ ಮಾಡಲು ಮರದ ಪಟ್ಟಿಗಳು ಬಾಗುವುದಿಲ್ಲ, ಬಾಗಿದರೂ ಅಂಟು ಬಿಡುತ್ತದೆ. ನಡುವಿನ ತಳ ಚಪ್ಪಟೆ. ಫಿನ್‌ನ ಮುಂದೆ ನಡುಗೆರೆಯಿಂದ ಎರಡೂ ಪಕ್ಕಕ್ಕೆ ಒಂದಿಷ್ಟು ಇಳಿಜಾರು ಇದ್ದರೆ ತಿರುಗಿಸುವುದು ಸುಲಭವಾಗುತ್ತದೆ.

ಫಿನ್ ಒಂದೇ ಸಾಕು. ಹಲಗೆಯ ಉದ್ದ ಎಷ್ಟು ಅಡಿಯೋ ಫಿನ್‌ನ ಎತ್ತರ ಅಷ್ಟು ಇಂಚು ಎಂಬುದು ಹಳೆಯ ಲೆಕ್ಕ, ನಮ್ಮ ಹಲಗೆಗೆ ಒಂಬತ್ತು ಕಾಲು ಇಂಚಿನದು ಹೊಂದುತ್ತದೆ. ಸರ್ಫ್‌ಬೋರ್ಡಿಗೆ ಮೊದಲು ಫಿನ್ ಹಾಕಿದವನು ಟಾಮ್ ಬ್ಲೇಕ್, 1935ರಲ್ಲಿ. ಟೊಳ್ಳು ಹಲಗೆಗೆ 1932ರಲ್ಲಿ ಪೇಟೆಂಟ್ ಪಡೆದವನೂ ಅವನೇ, ಆದ್ದರಿಂದ ನಾವು ಕಟ್ಟುತ್ತಿರುವ ಹಲಗೆ ಎರಡು ಬಗೆಯಲ್ಲಿ ಅವನಿಗೆ ಋಣಿ. ಫಿನ್ ಹಿಂದೆ ಮುಂದೆ ಸರಿಸಲು ಬರುವ ಹತ್ತೂವರೆ ಇಂಚಿನ ಪ್ಲಾಸ್ಟಿಕ್ ಪೆಟ್ಟಿಗೆಯನ್ನು, ಅದರ ಹಿಂತುದಿ ಟೇಲ್‌ನಿಂದ ನಾಲ್ಕು ಇಂಚು ದೂರಕ್ಕೆ ಬರುವಂತೆ ಕೂರಿಸಬೇಕು. ಆ ಜಾಗಕ್ಕೆ ಒಳಗಿನಿಂದ ಗಟ್ಟಿ ಮರದ ತುಂಡು ಕೊಟ್ಟಿರಬೇಕೆಂಬುದನ್ನು ಈಗಲೇ ನಕ್ಷೆಯಲ್ಲಿ ಗುರುತು ಹಾಕಿಕೊಳ್ಳಿ. ಮೇಲಿನ ಹೊದಿಕೆ ಅಂಟಿಸಿದ ಮೇಲೆ ನೆನಪಾದರೆ ಪ್ರಯೋಜನವಿಲ್ಲ.

ನಮ್ಮ ತೋಟದ ಮರಗಳು

1950ರ ದಶಕದ ಕೊನೆಯಿಂದ ಸರ್ಫ್‌ಬೋರ್ಡ್ ಎಂದರೆ ಪಾಲಿಯುರಿಥೇನ್ ಫೋಮ್ ಎಂದಾಯಿತು. ಅದಕ್ಕೂ ಮೊದಲು ಬಹುತೇಕ ಹಲಗೆಗಳು ಮರದವು. ಹವಾಯಿಯ ಅರಸುಮನೆತನದವರ ಬಹಳ ಉದ್ದನೆಯ ಹಲಗೆಗೆ ಓಲೋ ಎಂದು ಹೆಸರು, ಅದಕ್ಕೆ ಮೆಚ್ಚಿನ ಮರ ವಿಲಿವಿಲಿ. ಈ ವಿಲಿವಿಲಿ ಸಸ್ಯಶಾಸ್ತ್ರದ ಪ್ರಕಾರ ಎರಿತ್ರೈನಾ ಕುಲಕ್ಕೆ ಸೇರಿದ್ದು, ಅಂದರೆ ನಮ್ಮ ಕಾಫಿ ತೋಟಗಳಲ್ಲಿ ಗಿಡಗಳಿಗೆ ನೆರಳು ಕೊಡುವ, ಕೆಂಪು ಹೂವಿನ ಹಾಲುವಾಣದ ಒಡಹುಟ್ಟು. ಇದನ್ನು ತಿಳಿದ ದಿನ ನನಗಾದ ಸಂತೋಷ ಇಷ್ಟೆಂದು ಹೇಳಲಾರೆ. ನೆರಳು ಕಡಿಯುವ ಕಾಲದಲ್ಲಿ ಕತ್ತರಿಸಿ ಬಿಸಾಡುವ, ಒಲೆಗೂ ಸರಿಯಾಗಿ ಉರಿಯದ ಮರವೆಂದು ಎಲ್ಲರೂ ಕಡೆಗಣಿಸುವ ಆ ಹಾಲುವಾಣದ ಬಂಧುವಿನ ಮೇಲೆ ನಿಂತು ಹವಾಯಿಯ ದೊರೆಗಳು ಅಲೆಯೇರಿದ್ದರು.

ಹಾಗೆಂದು ಇಡೀ ಹಲಗೆಯನ್ನು ಹಾಲುವಾಣದಲ್ಲಿ ಮಾಡುವಂತಿಲ್ಲ. ಅದು ಹಗುರ, ಆದರೆ ಮೆದು. ಹಸಿಯಾಗಿದ್ದರೆ ಬೇಗ ಕೊಳೆಯುತ್ತದೆ, ಹುಳ ಹಿಡಿಯುತ್ತದೆ. ಕಡಿದ ವಾರದೊಳಗೆ ಸೀಳಿ, ಗಾಳಿಯಾಡುವಂತೆ ಪೇರಿಸಿ ಒಣಗಿಸಿದರೆ ರೈಲಿನ ಒಳಪದರಕ್ಕೂ ನೋಸ್‌ನ ತುಂಡಿಗೂ ಚೆನ್ನಾಗಿ ಒದಗುತ್ತದೆ, ಏಕೆಂದರೆ ಅಲ್ಲಿ ಅದು ಎಪಾಕ್ಸಿ ಎಂಬ, ಬೆರೆಸಿದ ಮೇಲೆ ಗಟ್ಟಿಯಾಗುವ ಅಂಟಿನ ಒಳಗೆ ಮುಚ್ಚಿಹೋಗಿರುತ್ತದೆ.

ಮೇಲಿನ ಮತ್ತು ಕೆಳಗಿನ ಹೊದಿಕೆಗೆ ಯಾವ ಮರ ಎಂಬುದನ್ನು ತೂಕ ಹಾಕಿಯೇ ತೀರ್ಮಾನಿಸಬೇಕು. ಎರಡೂ ಕಡೆ ಸೇರಿ ಹೊದಿಕೆಯ ವಿಸ್ತೀರ್ಣ 2.6 ಚದರ ಮೀಟರ್ ಆಗುತ್ತದೆ. 5 ಮಿ.ಮೀ. ದಪ್ಪದ ಪಟ್ಟಿಗಳಿಗೆ 0.013 ಘನ ಮೀಟರ್ ಮರ ಬೇಕು. ಮೆಣಸಿನ ಬಳ್ಳಿಗೆ ಆಸರೆಯಾಗಿ ಎಲ್ಲ ತೋಟದಲ್ಲೂ ಬೆಳೆದು ನಿಂತಿರುವ ಸಿಲ್ವರ್ ಓಕ್ ಘನ ಮೀಟರಿಗೆ ಸುಮಾರು 570 ಕೆ.ಜಿ. ತೂಗುವುದರಿಂದ ಹೊದಿಕೆಯೊಂದೇ ಏಳೂವರೆ ಕೆ.ಜಿ. ಆದೀತು. ಬೂರುಗದ ಮರ ಸುಮಾರು 350 ಕೆ.ಜಿ. ತೂಗುವುದರಿಂದ ನಾಲ್ಕೂವರೆ ಕೆ.ಜಿ.ಯಲ್ಲಿ ಮುಗಿಯುತ್ತದೆ. ಬೂರುಗದ ಬಣ್ಣ ಪೇಲವ, ಒಣಗಿಸುವಾಗ ತೇವ ತಗುಲಿದರೆ ಕಲೆ ಬೀಳುತ್ತದೆ. ಆದ್ದರಿಂದ ನಾನು ಹೊದಿಕೆಯನ್ನು ಬೂರುಗದಲ್ಲಿ ಮಾಡಿ, ನಡುವೆ ಎರಡು ಪಟ್ಟಿ ಮತ್ತು ಪೆಟ್ಟು ತಿನ್ನುವ ರೈಲಿನ ಹೊರಪದರ, ಟೇಲ್‌ನ ತುಂಡು ಇಷ್ಟನ್ನು ಮಾತ್ರ ಸಿಲ್ವರ್ ಓಕ್‌ನಲ್ಲಿ ಮಾಡುತ್ತೇನೆ. ಅದರ ಜಾಲರಿಯಂಥ ಎಳೆ ಎಪಾಕ್ಸಿ ತಾಗಿದಾಗ ಹೊಳೆಯುತ್ತದೆ, ಹಲಗೆಯ ಅಂದ ಹೆಚ್ಚುತ್ತದೆ. ಸಿಲ್ವರ್ ಓಕ್‌ನ ಪುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ತುಂಬುತೋಳಿನ ಅಂಗಿ, ಮುಖಗವಸು ಇಲ್ಲದೆ ಉಜ್ಜಬಾರದು.

ಮರ ಒಣಗಿದೆಯೇ ಎಂದು ತಿಳಿಯಲು ಒಂದು ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೊಮ್ಮೆ ತೂಗಿ ಬರೆದಿಡಿ. ಮೂರು ವಾರ ಸತತವಾಗಿ ತೂಕ ಇಳಿಯದಿದ್ದರೆ ಕೆಲಸ ಶುರು ಮಾಡಬಹುದು. ಮಲೆನಾಡಿನ ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬಾರದು. ಒಣಗಿದ ಮರವೂ ಆಗ ತೇವ ಹೀರುತ್ತದೆ, ಎಪಾಕ್ಸಿಯ ಮೇಲೆ ಜಿಡ್ಡಿನ ಪೊರೆ ಕಟ್ಟಿ ಮುಂದಿನ ಪದರ ಅಂಟುವುದಿಲ್ಲ. ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಹೂಮಳೆಯ ಮೊದಲು, ಅಂದರೆ ಫೆಬ್ರವರಿಯಿಂದ ಮಾರ್ಚ್‌ವರೆಗಿನ ದಿನಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಕಟ್ಟುವ ಕ್ರಮ

ರಾಕರ್ ಎಳೆದ ಪ್ಲೈವುಡ್ ಪಟ್ಟಿಯ ಪ್ರಕಾರ 6 ಮಿ.ಮೀ. ಮರೈನ್ ಪ್ಲೈವುಡ್‌ನಲ್ಲಿ ಬೆನ್ನೆಲುಬನ್ನು ಕತ್ತರಿಸಿ. ಅದರಿಂದ ಹನ್ನೊಂದು ಹನ್ನೆರಡು ಇಂಚಿಗೊಂದರಂತೆ ಪಕ್ಕೆಲುಬುಗಳು ಎರಡೂ ಕಡೆ ಹೊರಡಬೇಕು. ಬೆನ್ನೆಲುಬಿಗೂ ಪಕ್ಕೆಲುಬಿಗೂ ಅರ್ಧರ್ಧ ಕಚ್ಚು ಕೊಟ್ಟು ಒಂದರೊಳಗೊಂದು ಕೂರಿಸಬೇಕು. ಎಲ್ಲದರಲ್ಲೂ ದೊಡ್ಡ ತೂತುಗಳನ್ನು ಕೊರೆಯಿರಿ. ತೂಕ ಇಳಿಯುವುದು ಒಂದು ಲಾಭ. ಇಡೀ ಹಲಗೆಯೊಳಗಿನ ಗಾಳಿ ಒಂದೇ ಕೋಣೆಯಂತೆ ಸೇರಿಕೊಂಡಿರುವುದು ಅದಕ್ಕಿಂತ ಮುಖ್ಯವಾದದ್ದು, ಕಾರಣ ಮುಂದೆ ಬರುತ್ತದೆ.

ಬೂರುಗದ ಪಟ್ಟಿಗಳನ್ನು ಅಂಚಿಗೆ ಅಂಚು ಅಂಟಿಸಿ ಎರಡು ಅಗಲ ಹಾಳೆ ಮಾಡಿಕೊಂಡು, ತಳದ ಹಾಳೆಯನ್ನು ರಾಕರ್‌ನ ಆಕಾರಕ್ಕೆ ಕಟ್ಟಿದ ಮಂಚದ ಮೇಲೆ ಮಲಗಿಸಿ ಬಿಗಿಯಿರಿ. ಅದರ ಮೇಲೆ ಎಲುಬಿನ ಚೌಕಟ್ಟನ್ನು ಎಪಾಕ್ಸಿಗೆ ನಯವಾದ ಮರದ ಪುಡಿ ಕಲಸಿದ ಅಂಟಿನಿಂದ ಕೂರಿಸಿ. ಆಮೇಲೆ ಪಕ್ಕೆಲುಬುಗಳ ತುದಿಗೆ ರೈಲಿನ ಪಟ್ಟಿಗಳನ್ನು ಒಂದರ ಮೇಲೊಂದು ಏರಿಸುತ್ತಾ ಬನ್ನಿ. ಫಿನ್ ಪೆಟ್ಟಿಗೆ, ಹಲಗೆಯನ್ನು ಕಾಲಿಗೆ ಕಟ್ಟಿಕೊಳ್ಳುವ ಹಗ್ಗದ ಗುಂಡಿ ಮತ್ತು ಗಾಳಿಯ ತೂತು ಬರುವ ಜಾಗಗಳಿಗೆ ತುಂಡು ಮರ ಕೊಡಿ. ಒಳಭಾಗಕ್ಕೆಲ್ಲ ತೆಳುವಾಗಿ ಒಂದು ಕೈ ಎಪಾಕ್ಸಿ ಬಳಿದ ಮೇಲೆಯೇ ಮೇಲಿನ ಹಾಳೆ ಮುಚ್ಚಬೇಕು. ಸಾಧ್ಯವಾದಷ್ಟು ಹೆಚ್ಚು ಕ್ಲ್ಯಾಂಪುಗಳನ್ನು ಕೂಡಿಸಿಕೊಳ್ಳಿ. ಸಾಲದೆ ಹೋದರೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಕತ್ತರಿಸಿ ಬಿಗಿಯಾಗಿ ಸುತ್ತಿದರೂ ಒತ್ತಡ ಸಮನಾಗಿ ಬೀಳುತ್ತದೆ.

ಉಜ್ಜುಗೊರಡಿನಿಂದ ರೈಲನ್ನು ದುಂಡು ಮಾಡುವುದು ಈ ಕೆಲಸದ ಅತ್ಯಂತ ಹಿತವಾದ ಭಾಗ. ಕಣ್ಣಿಗಿಂತ ಅಂಗೈಯನ್ನು ನಂಬಿ, ಕಣ್ಣು ಮುಚ್ಚಿ ಎರಡೂ ರೈಲನ್ನು ಏಕಕಾಲಕ್ಕೆ ಸವರಿ ನೋಡಿ. ನಂತರ 80, 120ರ ಉಪ್ಪುಕಾಗದ, ಅದರ ಮೇಲೆ ಚದರ ಮೀಟರಿಗೆ 200 ಗ್ರಾಂ ತೂಗುವ ಗಾಜಿನ ನಾರಿನ ಬಟ್ಟೆ ಒಂದು ಪದರ, ಕಾಲೂರುವ ಜಾಗಕ್ಕೆ ಇನ್ನೊಂದು. ಎಪಾಕ್ಸಿ ಮತ್ತು ಅದರ ಗಟ್ಟಿಕಾರಕವನ್ನು ಡಬ್ಬಿಯ ಮೇಲೆ ಬರೆದ ಪ್ರಮಾಣದಲ್ಲೇ ತೂಗಿ ಬೆರೆಸಬೇಕು, ಕಣ್ಣಳತೆ ಇಲ್ಲಿ ನಡೆಯುವುದಿಲ್ಲ. ಎಲ್ಲ ಮುಗಿದಾಗ ಹಲಗೆ ಹತ್ತು ಕೆ.ಜಿ. ಆಸುಪಾಸು ತೂಗಬೇಕು. ಫೋಮಿನ ಹಲಗೆಗಿಂತ ಇದು ಎರಡು ಮೂರು ಕೆ.ಜಿ. ಹೆಚ್ಚು. ಲಾಂಗ್‌ಬೋರ್ಡಿನಲ್ಲಿ ಆ ತೂಕವನ್ನು ನಾನು ದೋಷವೆಂದು ಎಣಿಸುವುದಿಲ್ಲ. ಸಣ್ಣ ಅಲೆ ನಡುವೆ ಸೊರಗಿ ಚಪ್ಪಟೆಯಾಗುವ ಕಡೆ, ತೂಕವಿರುವ ಹಲಗೆ ತನ್ನ ಓಟದ ಬಲದಿಂದಲೇ ಮುಂದಿನ ಇಳಿಜಾರನ್ನು ಮುಟ್ಟುತ್ತದೆ.

ಘಾಟಿಯ ಮೇಲಿನವರು ಮರೆಯಬಾರದ ತೂತು

ಟೊಳ್ಳು ಹಲಗೆಗೆ ಗಾಳಿಯ ತೂತು, ಅದಕ್ಕೊಂದು ರಬ್ಬರ್ ಉಂಗುರವಿರುವ ತಿರುಪು ಬೇಕೆಂಬುದನ್ನು ಕಡಲ ತೀರದಲ್ಲಿ ಕಟ್ಟುವವರೂ ಹೇಳುತ್ತಾರೆ, ಬಿಸಿಲಿಗೆ ಒಳಗಿನ ಗಾಳಿ ಹಿಗ್ಗುತ್ತದೆ ಎಂಬ ಕಾರಣಕ್ಕೆ. ನಮಗೆ ಅದಕ್ಕಿಂತ ದೊಡ್ಡ ಕಾರಣವಿದೆ. ಚಿಕ್ಕಮಗಳೂರು ಕಡಲಿಗಿಂತ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ, ಹಾಸನವೂ ಬಹುತೇಕ ಅಷ್ಟೇ. ಇಲ್ಲಿನ ಗಾಳಿಯ ಒತ್ತಡ ಕಡಲ ತೀರದ ಒತ್ತಡದ ಹತ್ತರಲ್ಲಿ ಒಂಬತ್ತು ಭಾಗ ಮಾತ್ರ. ಇಲ್ಲಿ ತಿರುಪು ಬಿಗಿದ ಹಲಗೆಯನ್ನು ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಇಳಿಸಿದರೆ, ಒಳಗೆ ಮಲೆನಾಡಿನ ತೆಳುಗಾಳಿ, ಹೊರಗೆ ಕರಾವಳಿಯ ದಟ್ಟಗಾಳಿ ಎಂದಾಗುತ್ತದೆ. ಈ ವ್ಯತ್ಯಾಸ ಚದರ ಮೀಟರಿಗೆ ಒಂದು ಟನ್ನಿಗಿಂತ ಹೆಚ್ಚು. ಹಲಗೆಯ ಮೇಲ್ಮೈ 1.3 ಚದರ ಮೀಟರ್ ಇರುವುದರಿಂದ ಅದರ ಮೇಲೆ ಒಂದೂವರೆ ಟನ್ ಹೇರಿದಂತೆ, ತಳದ ಮೇಲೂ ಅಷ್ಟೇ.

ಎರಡನೆಯ ಹಲಗೆಯನ್ನು ನಾನು ಹೀಗೆ ಬಿಗಿದುಕೊಂಡೇ ಇಳಿದಿದ್ದೆ. ಘಾಟಿಯ ಕೆಳಗೆ ಕಾರಿನ ಮೇಲಿನಿಂದ ಟಪ್ಪೆಂದು ಸದ್ದಾಯಿತು. ಇಳಿದು ನೋಡಿದಾಗ ಪಕ್ಕೆಲುಬುಗಳ ನಡುವೆ ಹೊದಿಕೆ ತಗ್ಗಾಗಿ, ಹಸಿದ ಎತ್ತಿನ ಪಕ್ಕೆಯಂತೆ ಒಂದೊಂದು ಎಲುಬೂ ಎಣಿಸಲು ಬರುತ್ತಿತ್ತು. ತಿರುಪು ಸಡಿಲಿಸಿದೊಡನೆ ಸುಯ್ಯೆಂದು ಗಾಳಿ ಒಳಹೊಕ್ಕು ತಗ್ಗುಗಳು ಮೇಲೆದ್ದವಾದರೂ, ಒಂದು ಕಡೆ ಅಂಟು ಬಿಟ್ಟು ಸೀಳು ಉಳಿದುಬಿಟ್ಟಿತು. ಹಿಂತಿರುಗುವಾಗ ಇದು ತಿರುಗುಮುರುಗಾಗುತ್ತದೆ: ಕಡಲಲ್ಲಿ ಬಿಗಿದ ಹಲಗೆ ಘಾಟಿ ಏರಿದಂತೆ ಒಳಗಿನಿಂದ ಉಬ್ಬುತ್ತದೆ, ಪಟ್ಟಿಗಳ ಸಂದು ಬಿರಿಯುತ್ತದೆ.

ಆದ್ದರಿಂದ ಪ್ರಯಾಣದುದ್ದಕ್ಕೂ ತೂತು ತೆರೆದಿರಬೇಕು. ತಿರುಪನ್ನು ಕಾರಿನ ಕೀಲಿಗೊಂಚಲಿಗೆ ಕಟ್ಟಿಡುವುದು ನನ್ನ ಅಭ್ಯಾಸ. ಗಾಡಿಯಿಂದ ಇಳಿದಾಗ ಕೈಗೆ ಬರುತ್ತದೆ, ನೆನಪೂ ಮಾಡುತ್ತದೆ. ತೀರ ತಲುಪಿ, ಹಲಗೆಯನ್ನು ನೆರಳಿನಲ್ಲಿ ಕಾಲು ಗಂಟೆ ಮಲಗಿಸಿ, ಆಮೇಲೆ ತಿರುಪು ಬಿಗಿಯಿರಿ. ಬಿಸಿಲಿಗೆ ಕಾದ ಹಲಗೆಯನ್ನು ಹಾಗೆಯೇ ನೀರಿಗಿಳಿಸಿದರೆ ಒಳಗಿನ ಗಾಳಿ ತಣಿದು ಕುಗ್ಗಿ, ಕಣ್ಣಿಗೆ ಕಾಣದ ಸೂಜಿಮೊನೆಯಷ್ಟು ರಂಧ್ರವಿದ್ದರೂ ಉಪ್ಪುನೀರನ್ನು ಒಳಗೆ ಎಳೆದುಕೊಳ್ಳುತ್ತದೆ.

ಪರೀಕ್ಷೆ

ಕಡಲಿಗೆ ಒಯ್ಯುವ ಮೊದಲು ತೋಟದ ನೀರಾವರಿ ಕೆರೆಯಲ್ಲಿ, ದಡಕ್ಕೆ ಹತ್ತಿರದಲ್ಲಿ, ಜೀವರಕ್ಷಕ ಜಾಕೆಟ್ ತೊಟ್ಟು, ಜೊತೆಗೊಬ್ಬರನ್ನು ನಿಲ್ಲಿಸಿಕೊಂಡು ಹಲಗೆಯ ಮೇಲೆ ಮಲಗಿ ನೋಡಿ. ನೋಸ್ ನೀರಿನಿಂದ ಒಂದೆರಡು ಇಂಚು ಮಾತ್ರ ಮೇಲಿರುವಂತೆ ಮಲಗುವ ಜಾಗವನ್ನು ಕಂಡುಕೊಂಡು, ಎದೆ ಬರುವಲ್ಲಿ ಪೆನ್ಸಿಲ್ ಗುರುತು ಹಾಕಿ. ಅರ್ಧ ಗಂಟೆಯ ನಂತರ ದಡಕ್ಕೆ ತಂದು, ತಿರುಪು ತೆಗೆದು, ಹಲಗೆಯನ್ನು ಓರೆಯಾಗಿಸಿ ಅಲುಗಾಡಿಸಿ ಕಿವಿಗೊಡಿ. ಒಳಗೆ ಗುಳುಗುಳು ಸದ್ದು ಕೇಳಿದರೆ ಆ ಸೋರುವ ಜಾಗವನ್ನು ಸಿಹಿನೀರಿನಲ್ಲೇ ಪತ್ತೆ ಹಚ್ಚಿ ಮುಚ್ಚುವುದು ಒಳ್ಳೆಯದು.

ಸಸಿಹಿತ್ಲುವಿನ ಬಳಿ ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವುದರಿಂದ ಅಡಿಯ ಮರಳ ದಿಬ್ಬಗಳು ಜಾಗ ಬದಲಿಸುತ್ತಿರುತ್ತವೆ, ಹಿಂದಿನ ತಿಂಗಳು ಅಲೆ ಒಡೆದ ಕಡೆ ಈ ತಿಂಗಳು ಒಡೆಯಬೇಕೆಂದಿಲ್ಲ. ನದಿಯ ಸೆಳೆತ ಎಲ್ಲಿದೆಯೆಂದು ಸ್ಥಳೀಯ ಮೀನುಗಾರರನ್ನೋ ಸರ್ಫ್ ಶಾಲೆಯವರನ್ನೋ ಕೇಳದೆ ನೀರಿಗಿಳಿಯಬೇಡಿ. ಮೊದಲ ದಿನ ಫಿನ್ ಅನ್ನು ಪೆಟ್ಟಿಗೆಯ ನಡುವಿನಲ್ಲಿ ಬಿಗಿದು ಹತ್ತು ಅಲೆ ಹಿಡಿಯಿರಿ. ಹಲಗೆ ನೇರವಾಗಿ ಓಡುತ್ತಾ ತಿರುಗಲು ಹಟ ಮಾಡಿದರೆ ಫಿನ್ ಅನ್ನು ಅರ್ಧ ಇಂಚು ಮುಂದಕ್ಕೆ ತನ್ನಿ. ಟೇಲ್ ಪಕ್ಕಕ್ಕೆ ಜಾರುತ್ತದೆ, ನೋಸ್‌ನ ಕಡೆ ನಡೆದಾಗ ಅಲುಗಾಡುತ್ತದೆ ಎನಿಸಿದರೆ ಅರ್ಧ ಇಂಚು ಹಿಂದಕ್ಕೆ ತಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅಂದಿನ ಅಲೆಯ ಎತ್ತರ, ಭರತವೋ ಇಳಿತವೋ, ಫಿನ್ ಎಲ್ಲಿತ್ತು ಎಂಬುದನ್ನು ಪುಸ್ತಕದಲ್ಲಿ ಬರೆದುಕೊಳ್ಳಿ. ಮುಂದಿನ ಹಲಗೆಯ ರಾಕರ್ ಎಳೆಯುವಾಗ ಮೊದಲು ತೆರೆಯಬೇಕಾದದ್ದು ಆ ಪುಸ್ತಕವನ್ನೇ. ಸಂಜೆ ಹಲಗೆಯನ್ನು ಸಿಹಿನೀರಿನಲ್ಲಿ ತೊಳೆದು ಕಾರಿನ ಮೇಲೆ ಕಟ್ಟುವ ಮೊದಲು ತಿರುಪು ಬಿಚ್ಚಿ ಕೀಲಿಗೊಂಚಲಿಗೆ ಸೇರಿಸಿ. ಉಜಿರೆ ದಾಟಿದ ಮೇಲೆ ಏರು ಶುರುವಾಗುತ್ತದೆ.